‘ನಾಯಿಗಳ ಚಾಕರಿ ಮಾಡಿ ನಿಮಗೆ ಸಿಗುವುದೆಂತ?’

ಪ್ರಶ್ನೆ: ನಾನು ಬ್ಯಾಂಕಿನಲ್ಲಿ 36 ವರ್ಷ ದುಡಿದು ಎರಡು ವರ್ಷದ ಹಿಂದೆ ನಿವೃತ್ತನಾದೆ. ಉಡುಪಿಯ ಅಂಬಲಪಾಡಿಯಲ್ಲಿ ಮನೆ. ಮಗ ದುಬೈಯಲ್ಲಿ, ಮಗಳು ಬೆಂಗಳೂರಿನಲ್ಲಿ. ನೆರೆಮನೆಯ ಹುಡುಗಿ ಪ್ರತಿ ಆದಿತ್ಯವಾರ ಬೀದಿನಾಯಿಗಳ ಶೆಲ್ಟರಿಗೆ ಹೋಗಿ ಕೆಲಸ ಮಾಡುತ್ತಾಳೆ. ‘ಅಂಕಲ್, ನೀವೂ ಬನ್ನಿ’ ಅಂತ ಕರೆಯುತ್ತಿದ್ದಾಳೆ. ನನಗೂ ಮನಸ್ಸಿದೆ. ಆದರೆ ಮಗ ‘ಈ ವಯಸ್ಸಿಗೆ ನಾಯಿ ಕಚ್ಚಿಸಿಕೊಳ್ಳಬೇಡಿ’ ಅನ್ನುತ್ತಾನೆ. ಹೆಂಡತಿ ‘ನಾಯಿಗಳ ಚಾಕರಿ ಮಾಡಿ ನಿಮಗೆ ಸಿಗುವುದೆಂತ?’ ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ. ಶುಗರ್ ಸ್ವಲ್ಪ ಉಂಟು. ನಾಯಿ ಸಾಕಿ ಅಭ್ಯಾಸವಿಲ್ಲ. ನಿಜಕ್ಕೂ ಏನು ಸಿಗುತ್ತದೆ, ಹೇಳುತ್ತೀರಾ?

ಉತ್ತರ: ನಿಮ್ಮ ಮನೆಯವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನ್ನ ಅಮ್ಮನೂ ಇದನ್ನೇ ಕೇಳಿದ್ದರು. ಆಗ ನಾನು ಹೊಸ ಪಶುವೈದ್ಯೆ. ವಾರದ ಆರು ದಿನ ದನ, ಕರು, ಹಟ್ಟಿ ಅಂತ ತಿರುಗಾಟ. ಸಿಕ್ಕಿದ ಒಂದು ರಜೆಯಲ್ಲಿ ಮಂಗಳೂರಿನ ಒಂದು ಸಣ್ಣ ಶೆಲ್ಟರಿಗೆ ಹೋಗಿ ನಾಯಿಗಳ ಗಾಯ ತೊಳೆಯುತ್ತಿದ್ದೆ. ಸಂಜೆ ಫಿನಾಯಿಲ್ ವಾಸನೆ ಹೊತ್ತುಕೊಂಡು ಮನೆಗೆ ಬಂದರೆ ಅಮ್ಮ ಬಚ್ಚಲು ತೋರಿಸಿ ‘ಬಸ್ಸಿನ ದುಡ್ಡೂ ಕೈಯಿಂದಲೇ. ಎಂತ ಸಿಗ್ತದೆ ನಿಂಗೆ ಅಲ್ಲಿ?’ ಅಂತ ಕೇಳುತ್ತಿದ್ದರು. ‘ಪುಣ್ಯ ಸಿಗ್ತದೆ’ ಅಂತ ಹೇಳಿ ಜಾರಿಕೊಳ್ಳುತ್ತಿದ್ದೆ. ಅದು ಸುಮ್ನೆ ಹೇಳಿದ ಮಾತು. ಪುಣ್ಯದ ಪಾಸ್‌ಬುಕ್ಕನ್ನು ನಾನಂತೂ ನೋಡಿಲ್ಲ.

ನೀವು ಬ್ಯಾಂಕಿನವರು. ಹಾಗಾಗಿ ಏನು ಸಿಗುವುದಿಲ್ಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಶೆಲ್ಟರಿಗೆ ಕಾಲಿಟ್ಟ ಕೂಡಲೇ ನಾಯಿಗಳೆಲ್ಲ ಬಾಲ ಅಲ್ಲಾಡಿಸಿ ಕೈ ನೆಕ್ಕುತ್ತವೆ ಅಂದುಕೊಂಡಿದ್ದರೆ ಆ ಲೆಕ್ಕ ಈಗಲೇ ಹೊಡೆದುಹಾಕಿ. ಕೆಲವು ಬರುತ್ತವೆ. ಆದರೆ ಅವು ಯಾರು ಹೋದರೂ ಬರುವವು, ಅವಕ್ಕೆ ನೀವೇ ಆಗಬೇಕೆಂದಿಲ್ಲ. ಉಳಿದವು ಬೊಗಳುತ್ತವೆ, ಇಲ್ಲವೇ ನಿಮಗೆ ಬೆನ್ನು ಹಾಕಿ ಮಲಗುತ್ತವೆ. ‘ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ’ ಅಂತ ಆಟೋ ಹಿಂದೆ ಬರೆದಿರುತ್ತದಲ್ಲ, ಆ ನಿಯತ್ತು ನಿಮ್ಮ ಹೆಸರಿಗೆ ಜಮೆಯಾಗಲು ತಿಂಗಳುಗಟ್ಟಲೆ ಬೇಕು. ಮೊದಲ ತಿಂಗಳು ಸಿಗುವುದು ಕೆಲಸ ಮಾತ್ರ. ಗೂಡು ತೊಳೆಯುವುದು, ಕುಚ್ಚಲಕ್ಕಿ ಅನ್ನಕ್ಕೆ ಕೋಳಿ ಚೂರು ಕಲಸಿ ಬಡಿಸುವುದು, ಪಾತ್ರೆ ಉಜ್ಜುವುದು, ಗೋಣಿ ಒಣಗಿಸುವುದು.

ಈ ಗೋಣಿಯ ವಿಷಯ ಹೊರಗಿನವರಿಗೆ ಅರ್ಥವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಣಗುವ ವಸ್ತು ಅಂತ ಯಾವುದುಂಟು? ಒದ್ದೆ ಗೋಣಿಯ ಮೇಲೆ ಮಲಗಿದ ನಾಯಿಯ ಚರ್ಮ ಬೇಗ ಕೆಡುತ್ತದೆ. ಮಳೆಗಾಲದಲ್ಲಿ ದಿನಾ ಗೋಣಿ ಬದಲಿಸುವವರು ಸಿಕ್ಕಿದರೆ ನನ್ನ ಔಷಧಿ ಖರ್ಚು ಎಷ್ಟೋ ಕಡಿಮೆ. ಹೀಗೆ ಹೇಳಿದರೆ ಹೊಸಬರ ಮುಖ ಸಣ್ಣದಾಗುತ್ತದೆ. ಅವರು ನಾಯಿ ಉಳಿಸಲು ಬಂದಿರುತ್ತಾರೆ, ಗೋಣಿ ಹರವಲು ಅಲ್ಲ.

ಈಗ ಸಿಗುವುದರ ಮಾತು.

ನಮ್ಮಲ್ಲಿಗೆ ಒಬ್ಬರು ನಿವೃತ್ತ ಮಾಸ್ಟ್ರು ಬರುತ್ತಿದ್ದರು. ಮೊಣಗಂಟು ನೋವು, ಬಗ್ಗಿ ಗುಡಿಸಲು ಆಗದು. ಅದೇ ಹೊತ್ತಿಗೆ ಪಡುಬಿದ್ರಿ ಹತ್ತಿರ ಹೆದ್ದಾರಿಯಲ್ಲಿ ಗಾಡಿ ತಾಗಿದ ಒಂದು ಕಂದು ನಾಯಿ ಬಂದಿತ್ತು. ಹಿಂಗಾಲಿನ ಮೂಳೆ ಕೂಡಿತು, ಹೆದರಿಕೆ ಹೋಗಲಿಲ್ಲ. ಯಾರು ಹತ್ತಿರ ಹೋದರೂ ಗೂಡಿನ ಮೂಲೆಗೆ ಸೇರಿ, ಗೋಡೆಗೆ ಮುಖ ಮಾಡಿ ನಡುಗುತ್ತಿತ್ತು. ಮಾಸ್ಟ್ರಿಗೆ ಹೇಳಿದೆ: ‘ಗೂಡಿನ ಗೇಟಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತುಕೊಳ್ಳಿ. ಅದನ್ನು ನೋಡಬೇಡಿ, ಕರೆಯಬೇಡಿ.’ ‘ಸುಮ್ನೆ ಕೂತು ಎಂತ ಮಾಡ್ಲಿ ಡಾಕ್ಟ್ರೇ?’ ‘ಪೇಪರ್ ಓದಿ. ಸ್ವಲ್ಪ ಜೋರಾಗಿ.’

ಅವರು ಓದಿದರು. ನಿಧನ ವಾರ್ತೆ, ಕಂಬಳದ ಫಲಿತಾಂಶ, ಅಡಿಕೆ ಧಾರಣೆ. ತರಗತಿಯಲ್ಲಿ ಪಾಠ ಓದುವ ಅದೇ ರಾಗ. ಮೂರನೇ ವಾರ ನಾಯಿ ಗೋಡೆ ಬಿಟ್ಟು ಈಚೆ ತಿರುಗಿತು. ಐದನೇ ವಾರ ಗೂಡಿನ ನಡುವೆ ಮಲಗಿತು. ಏಳನೇ ಆದಿತ್ಯವಾರ ನಾನು ಔಷಧಿ ಕಪಾಟಿನ ಹತ್ತಿರ ಇದ್ದೆ. ಮಾಸ್ಟ್ರು ‘ಹೊಸ ಅಡಿಕೆ, ಹಳೆ ಅಡಿಕೆ’ ಅಂತ ಓದುತ್ತಿದ್ದರು. ನಾಯಿ ತೆವಳಿಕೊಂಡು ಬಂದು ಗೇಟಿನ ಅಡಿಯಿಂದ ಮೂತಿ ಹೊರಗೆ ಹಾಕಿ, ಅವರ ಚಪ್ಪಲಿಯ ಹಿಮ್ಮಡಿಯ ಮೇಲೆ ಗದ್ದ ಇಟ್ಟಿತು. ಅವರು ತಿರುಗಿ ನೋಡಲಿಲ್ಲ. ಅದೇ ಸಾಲನ್ನು ಮೂರು ಸಲ ಓದಿದರು. ಮೂರನೇ ಸಲ ದನಿ ಸ್ವಲ್ಪ ಕಟ್ಟಿತು. ಆಮೇಲೆ ಚಾ ಕುಡಿಯುವಾಗ ಹೇಳಿದ್ದು ಇಷ್ಟೇ: ‘ಡಾಕ್ಟ್ರೇ, ಇವತ್ತು ಅಡಿಕೆಗೆ ಒಳ್ಳೆ ರೇಟು.’

ಆ ನಾಯಿ ಯಾರ ಹತ್ತಿರವೂ ಹೋಗುತ್ತಿರಲಿಲ್ಲ. ಅವರ ಹತ್ತಿರ ಹೋಯಿತು. ಇದು ಪುಕ್ಕಟೆ ಬಂದದ್ದಲ್ಲ, ಏಳು ವಾರ ಕೂತು ಸಂಪಾದಿಸಿದ್ದು. ನಾಯಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದಕ್ಕಿಂತ ನಾನು ಎಷ್ಟು ಹೊತ್ತು ಸುಮ್ಮನಿರಬಲ್ಲೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಇದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಕೋಲ್ಕತ್ತದ ಐಸರ್ ಎಂಬ ವಿಜ್ಞಾನ ಸಂಸ್ಥೆಯವರು ನಮ್ಮ ದೇಶದ ಬೀದಿನಾಯಿಗಳ ಮೇಲೆಯೇ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ದಾರೆ. ಪರಿಚಯವಿಲ್ಲದ ಮನುಷ್ಯ ಮತ್ತೆ ಮತ್ತೆ ತಿಂಡಿ ಕೊಟ್ಟರೂ ನಾಯಿಗೆ ಅಷ್ಟು ನಂಬಿಕೆ ಹುಟ್ಟುವುದಿಲ್ಲ, ಮತ್ತೆ ಮತ್ತೆ ತಲೆ ಸವರಿದರೆ ಹುಟ್ಟುತ್ತದೆ ಅಂತ ಅವರಿಗೆ ಕಂಡಿತು. ಬಿಸ್ಕತ್ತು ಪ್ಯಾಕೆಟ್ ಹಿಡಿದು ಓಡಾಡುವವರು ಇದನ್ನು ನೆನಪಿಡಬೇಕು. ನಾಯಿ ಮತ್ತು ಅದರ ಯಜಮಾನ ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರುತ್ತದೆ ಅಂತ 2015ರಲ್ಲಿ ಜಪಾನಿನವರು ತೋರಿಸಿದರು. ತಾಯಿಗೂ ಮಗುವಿಗೂ ನಂಟು ಬೆಳೆಸುವ ಹಾರ್ಮೋನು ಅದು. ಹತ್ತು ನಿಮಿಷ ನಾಯಿ, ಬೆಕ್ಕು ಸವರಿದ ಕಾಲೇಜು ಮಕ್ಕಳಲ್ಲಿ ಒತ್ತಡದ ಹಾರ್ಮೋನು ಇಳಿಯಿತು ಅನ್ನುವ ಅಮೆರಿಕದ ಅಧ್ಯಯನವೂ ಉಂಟು, 2019ರದ್ದು. ಇದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ಹತ್ತು ನಿಮಿಷದ ಖುಷಿಗೆ ಶೆಲ್ಟರಿಗೇ ಹೋಗಬೇಕಾ? ಪಕ್ಕದ ಮನೆಯ ನಾಯಿ ಸಾಕು.

ಶೆಲ್ಟರಿನಲ್ಲಿ ಮಾತ್ರ ಸಿಗುವುದು ಬೇರೆ ಇದೆ. ಅದು ಕಣ್ಣು. ನಾಲ್ಕು ತಿಂಗಳು ಕೆಲಸ ಮಾಡಿದ ಮೇಲೆ ನೀವು ಅಂಬಲಪಾಡಿಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ಮೊದಲಿನಂತೆ ಇರುವುದಿಲ್ಲ. ಇಷ್ಟು ವರ್ಷ ‘ನಾಯಿ’ ಅಂತ ಕಂಡದ್ದು ಈಗ ಒಂದೊಂದಾಗಿ ಕಾಣುತ್ತದೆ. ಇದರ ಕಿವಿಯಲ್ಲಿ ಕಚ್ಚು ಉಂಟು, ಅಂದರೆ ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಇದಕ್ಕಿಲ್ಲ, ಹೊಟ್ಟೆ ಇಳಿದಿದೆ, ಎಲ್ಲೋ ಮರಿ ಇಟ್ಟಿದೆ. ಅದು ತಲೆ ಒಂದೇ ಕಡೆ ವಾಲಿಸಿ ಕೊಡವುತ್ತಿದೆ, ಕಿವಿಯಲ್ಲಿ ಏನೋ ಸೇರಿದೆ. ಮತ್ತೊಂದು ಕುತ್ತಿಗೆಯ ಹಿಂದೆ ತನ್ನಿಂದ ನೆಕ್ಕಲಾಗದ ಜಾಗದಲ್ಲಿ ಗಾಯ ಮಾಡಿಕೊಂಡಿದೆ, ಇನ್ನೆರಡು ದಿನ ಬಿಟ್ಟರೆ ಹುಳ ಬೀಳುತ್ತದೆ.

ಹುಳ ಬಿದ್ದ ಗಾಯ ಕರಾವಳಿಯ ಮಳೆಗಾಲದ ದೊಡ್ಡ ಪಿಡುಗು. ಒಂದು ಜುಲೈಯಲ್ಲಿ ಮಲ್ಪೆ ಬಂದರಿಗೆ ಹೋಗಿದ್ದು ನೆನಪಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ನಿಮಗೇ ಗೊತ್ತು. ಉಳಿದ ಹತ್ತು ತಿಂಗಳು ಧಕ್ಕೆಯ (ಬಂದರುಕಟ್ಟೆಯ) ನಾಯಿಗಳಿಗೆ ಬಂಗುಡೆ, ಬೂತಾಯಿ ಮೀನಿನ ಊಟ. ಆ ಎರಡು ತಿಂಗಳು ಏನೂ ಇಲ್ಲ. ಹಸಿವು, ಕಚ್ಚಾಟ, ಗಾಯ, ಮಳೆ, ನೊಣ. ಒಂದು ಬಿಳಿ ಗಂಡು ನಾಯಿಯ ಹೆಗಲಲ್ಲಿ ಎಂಟಾಣೆ ಅಗಲದ ತೂತು ಇತ್ತು. ಮೇಲೆ ಅಷ್ಟೇ, ಒಳಗೆ ಅಂಗೈ ಅಗಲಕ್ಕೆ ಪೊಳ್ಳಾಗಿತ್ತು. ನನ್ನ ಜೊತೆ ಬಂದ ಹುಡುಗ ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಅಲ್ಲೇ ಒಣಮೀನು ಕಟ್ಟುತ್ತಿದ್ದ ಹೆಂಗಸು ಎದ್ದು ಬಂದರು. ‘ಬಲ ಬೊಳ್ಳು’ (ಬಾ ಬೊಳ್ಳು) ಅಂತ ಕರೆದು ನಾಯಿಯ ತಲೆಯನ್ನು ತಮ್ಮ ಮಡಿಲಿಗೆ ಒತ್ತಿ ಹಿಡಿದರು. ನಾನು ಹತ್ತಿಯಲ್ಲಿ ಟರ್ಪೆಂಟೈನ್ ಅದ್ದಿ ಗಾಯದ ಬಾಯಿಗೆ ಇಟ್ಟೆ. ಒಂದು ನಿಮಿಷದಲ್ಲಿ ಹುಳಗಳು ಮೇಲೆ ಬರತೊಡಗಿದವು, ಬೆಂದ ಅನ್ನದ ಅಗುಳಿನ ಹಾಗೆ. ಇಕ್ಕಳದಲ್ಲಿ ಒಂದೊಂದೇ ತೆಗೆದು ಅಡಿಕೆ ಹಾಳೆಯ ಮೇಲೆ ಹಾಕಿದೆ. ಎಪ್ಪತ್ತರವರೆಗೆ ಎಣಿಸಿ ಬಿಟ್ಟೆ. ನಾಯಿ ಕುಂಯ್ ಅನ್ನಲಿಲ್ಲ. ಆ ಅಮ್ಮ ಮಾತ್ರ ಉದ್ದಕ್ಕೂ ತುಳುವಿನಲ್ಲಿ ಅದಕ್ಕೆ ಬೈಯುತ್ತಲೇ ಇದ್ದರು, ಮೊಮ್ಮಗನಿಗೆ ಬೈದ ಹಾಗೆ.

ಐದು ದಿನ ಸತತ ಡ್ರೆಸಿಂಗ್ ಬೇಕಿತ್ತು. ನನಗೆ ಹೋಗಲು ಆಗಿದ್ದು ಎರಡು ದಿನ. ಉಳಿದ ಮೂರು ದಿನ ಮಾಡಿದ್ದು ಯಾರು? ಮೂಗು ಮುಚ್ಚಿಕೊಂಡಿದ್ದನಲ್ಲ, ಅದೇ ಹುಡುಗ. ಮಣಿಪಾಲದಿಂದ ಬಸ್ಸಿನಲ್ಲಿ ಬರುತ್ತಿದ್ದ. ಮಂಗಳೂರು, ಉಡುಪಿಯಲ್ಲಿ ಓದಲು ಬಂದ ಮಕ್ಕಳು ಮೂರ್ನಾಲ್ಕು ವರ್ಷ ಇದ್ದು ಈ ಊರಿನ ಯಾರೊಬ್ಬರ ಮನೆಗೂ ಹೋಗದೆ ವಾಪಸಾಗುವುದುಂಟು. ಈತನಿಗೆ ಮಲ್ಪೆಯ ಆ ಅಮ್ಮನ ಮನೆಯಲ್ಲಿ ಆಗಸ್ಟಿನ ಮೊದಲ ಬಂಗುಡೆ ಸಾರಿನ ಊಟ ಸಿಕ್ಕಿತು. ನಾಯಿ ಇಲ್ಲದಿದ್ದರೆ ಇವರಿಬ್ಬರು ಭೇಟಿಯಾಗುವ ದಾರಿಯೇ ಇರಲಿಲ್ಲ, ಅಲ್ವಾ?

ಇನ್ನೊಂದು ಕಾಯಿಲೆ ಹೇಳುತ್ತೇನೆ. ಬೀದಿನಾಯಿಗಳಲ್ಲಿ ಜನನಾಂಗದ ಹತ್ತಿರ ಹೂಕೋಸಿನ ಹಾಗೆ ಗಡ್ಡೆ ಬೆಳೆದು ರಕ್ತ ತೊಟ್ಟಿಕ್ಕುತ್ತದೆ. ಕೂಡುವಾಗ ಒಂದರಿಂದ ಒಂದಕ್ಕೆ ಹರಡುವ ಕ್ಯಾನ್ಸರ್ ಅದು. ನೋಡಿದವರು ಸಾಯುವ ನಾಯಿ ಅಂತ ಬಿಟ್ಟುಬಿಡುತ್ತಾರೆ. ಆದರೆ ನಾನು ಕಂಡ ಕ್ಯಾನ್ಸರ್‌ಗಳಲ್ಲಿ ಇಷ್ಟು ಚೆನ್ನಾಗಿ ಗುಣವಾಗುವುದು ಮತ್ತೊಂದಿಲ್ಲ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ವಿನ್‌ಕ್ರಿಸ್ಟಿನ್ ಸಿಗುವುದು ನಿತ್ಯಪುಷ್ಪದ ಗಿಡದಿಂದ. ನಿಮ್ಮ ಅಂಗಳದಲ್ಲೂ ಇರಬಹುದು. (ಹಾಗಂತ ಎಲೆ ಅರೆದು ಕುಡಿಸಲು ಹೋಗಬೇಡಿ.) ಔಷಧಿಗೆ ಕೊರತೆ ಇಲ್ಲ. ಅದೇ ನಾಯಿಯನ್ನು ವಾರ ವಾರವೂ ಅದೇ ಗಲ್ಲಿಯಿಂದ ಹುಡುಕಿ ತರುವ ಒಬ್ಬ ಮನುಷ್ಯನಿಗೆ ಕೊರತೆ. ಆ ಮನುಷ್ಯ ನೀವಾದರೆ, ಆರನೇ ವಾರ ಒಣಗಿದ ಜಾಗ ನೋಡುವಾಗ ಏನನಿಸುತ್ತದೆ ಅಂತ ನಾನು ಹೇಳುವುದಕ್ಕಿಂತ ನೀವೇ ನೋಡುವುದು ಒಳ್ಳೆಯದು.

ಕೆಲವು ಗಳಿಕೆ ಕಣ್ಣಿಗೂ ಕಾಣುವುದಿಲ್ಲ. ನಮ್ಮಲ್ಲಿ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲದ ಕೊನೆಗೆ ಬೆದೆಗೆ ಬರುತ್ತವೆ. ಸುಮಾರು 63 ದಿನಕ್ಕೆ ಮರಿ. ಹಾಗಾಗಿ ದೀಪಾವಳಿ ಕಳೆದ ಮೇಲೆ ಚರಂಡಿ, ಮೋರಿ, ಅಂಗಡಿ ಮೆಟ್ಟಿಲು ಎಲ್ಲ ಕಡೆ ಮರಿಗಳು. ಒಂದು ಗಲ್ಲಿಯ ಹೆಣ್ಣು ನಾಯಿಗಳಿಗೆಲ್ಲ ಆಪರೇಷನ್ ಮಾಡಿಸಿ, ಲಸಿಕೆ ಹಾಕಿಸಿ, 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮದಂತೆ ಅದೇ ಜಾಗಕ್ಕೆ ವಾಪಸ್ ಬಿಟ್ಟರೆ ಮುಂದಿನ ದೀಪಾವಳಿಗೆ ಅಲ್ಲಿ ಏನೂ ಇರುವುದಿಲ್ಲ. ಆ ‘ಏನೂ ಇಲ್ಲ’ವನ್ನು ನೋಡಿ ಖುಷಿಪಡುವವರು ಊರಲ್ಲಿ ನಾವು ನಾಲ್ಕೈದು ಜನ. ಊರಿನ 70 ಶೇಕಡಾ ನಾಯಿಗಳಿಗೆ ವರ್ಷ ವರ್ಷ ರೇಬಿಸ್ ಲಸಿಕೆ ಬಿದ್ದರೆ ರೋಗದ ಸರಪಳಿ ಕಡಿಯುತ್ತದೆ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ಸುಮಾರು 99 ಶೇಕಡಾ ನಾಯಿಯಿಂದಲೇ ಬರುತ್ತದೆ. ಹಾಗಾಗಿ ‘ನಾಯಿ ಮೇಲಿನ ಪ್ರೀತಿ ಮನುಷ್ಯರ ಮೇಲೆ ಇಲ್ಲವಾ?’ ಅಂತ ಯಾರಾದರೂ ಕೊಂಕು ಮಾತಾಡಿದರೆ ನಾನು ವಾದಕ್ಕೆ ಇಳಿಯುವುದಿಲ್ಲ, ಲಸಿಕೆಯ ಪುಸ್ತಕ ತೋರಿಸುತ್ತೇನೆ.

ನಷ್ಟದ ಬಾಬತ್ತು ಮುಚ್ಚಿಡುವುದಿಲ್ಲ. ಪಶ್ಚಿಮ ಬಂಗಾಳದಲ್ಲಿ 364 ಬೀದಿ ಮರಿಗಳನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದಿದೆ, 2016ರದ್ದು. ಪ್ರಾಯಕ್ಕೆ ಬರುವವರೆಗೆ ಉಳಿದದ್ದು 19 ಶೇಕಡಾ ಮಾತ್ರ. ಶೆಲ್ಟರಿಗೆ ಬರುವುದು ಅಂಥ ಮರಿಗಳೇ. ನನ್ನ ಕೈಯಿಂದಲೂ ಹೋಗಿವೆ. ಆರಂಭದ ದಿನಗಳಲ್ಲಿ ಒಮ್ಮೆ ಮಳೆಯಲ್ಲಿ ನೆನೆದ ಒಂದು ಮರಿಯನ್ನು ಕನಿಕರಪಟ್ಟು ನೇರ ಬೇರೆ ಮರಿಗಳ ಗೂಡಿಗೆ ಬಿಟ್ಟೆ. ಅದನ್ನು ಎರಡು ವಾರ ಬೇರೆಯೇ ಇಡಬೇಕಿತ್ತು. ಅದಕ್ಕೆ ಪಾರ್ವೊ ಇತ್ತು, ಮರಿಯಿಂದ ಮರಿಗೆ ಬೇಗ ಹರಡುವ ವಾಂತಿ-ಭೇದಿಯ ರೋಗ. ಏಳು ಮರಿಗಳಲ್ಲಿ ಎರಡು ಉಳಿದವು. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಬ್ಲೀಚ್ ಹಾಕಿ ಆ ಗೂಡು ಉಜ್ಜುವಾಗ ಇನ್ನು ಬರುವುದೇ ಬೇಡ ಅನಿಸಿತ್ತು. ಹಾಗೆ ಎರಡು ವಾರ ಹೋಗಲೂ ಇಲ್ಲ. ನಿಮಗೂ ಅಂಥ ದಿನ ಬರುತ್ತದೆ. ಅತ್ತರೆ ಅಳಿ, ಒಂದು ವಾರ ಬಿಡಿ, ಯಾರೂ ಲೆಕ್ಕ ಇಡುವುದಿಲ್ಲ. ದಿನಾ ಬಂದು ಆರು ತಿಂಗಳಲ್ಲಿ ಸುಸ್ತಾಗಿ ಬಿಟ್ಟವರನ್ನು ಎಷ್ಟೋ ಕಂಡಿದ್ದೇನೆ. ವಾರಕ್ಕೆ ಎರಡೇ ಗಂಟೆ ಕೊಟ್ಟು ಹತ್ತು ವರ್ಷ ಬಂದವರು ಕಡಿಮೆ. ನನಗೆ ಬೇಕಾದ್ದು ಅವರು.

ಇನ್ನು ನಿಮ್ಮ ಮಗನ ಮಾತು. ಅವನ ಆತಂಕ ನ್ಯಾಯವೇ. ಸೇರುವ ಮೊದಲೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸ್: ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಟಿಟಿ ಯಾವಾಗ ಹಾಕಿಸಿದ್ದು ನೋಡಿ. ಹಲ್ಲು ತಾಗಿದರೆ, ಉಗುರು ಗೀರಿದರೆ, ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಗಡಿಯಾರ ನೋಡಿ ತೊಳೆಯಿರಿ, 15 ನಿಮಿಷ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಮೊದಲೇ ಲಸಿಕೆ ಆಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು, ಆದರೆ ಆಗ ಎರಡೇ ಡೋಸ್ ಸಾಕು, ಸೀರಂ (ಗಾಯಕ್ಕೆ ಕೊಡುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಡ.

ನಿಜ ಹೇಳಬೇಕೆಂದರೆ ನಿಮ್ಮ ವಿಷಯದಲ್ಲಿ ನನಗೆ ಕಚ್ಚುವುದಕ್ಕಿಂತ ಕಾಲಿನ ಚಿಂತೆ ಜಾಸ್ತಿ. ಶುಗರ್ ಇದ್ದವರು ಒದ್ದೆ ಗೂಡಿಗೆ ಚಪ್ಪಲಿಯಲ್ಲಿ ಇಳಿಯಬಾರದು. ಇಲಿಜ್ವರ ನಮ್ಮ ಎರಡೂ ಜಿಲ್ಲೆಗಳಲ್ಲಿ ಪ್ರತಿ ಮಳೆಗಾಲದ ಅತಿಥಿ. ಇಲಿ, ನಾಯಿಗಳ ಮೂತ್ರ ಸೇರಿದ ನೀರಿನಿಂದ ಕಾಲಿನ ಸಣ್ಣ ಬಿರುಕಿಗೂ ಹೊಕ್ಕುತ್ತದೆ. ಗಮ್‌ಬೂಟು ಹಾಕಿ, ಮನೆಗೆ ಬಂದು ಪಾದ ಪರೀಕ್ಷಿಸಿ, ಜ್ವರ ಬಂದರೆ ಶೆಲ್ಟರಿಗೆ ಹೋಗುತ್ತೇನೆ ಅಂತ ವೈದ್ಯರಿಗೆ ಮೊದಲೇ ಹೇಳಿ. ದೊಡ್ಡ ನಾಯಿಯ ಚೈನು ಕೈಗೆ ಸುತ್ತಿಕೊಂಡು ವಾಕಿಂಗ್ ಹೋಗಬೇಡಿ. ಬೆಕ್ಕು ಕಂಡರೆ ಅದು ಎಳೆಯುತ್ತದೆ, ಬೀಳುವುದು ನೀವು. ಅದನ್ನು ಕಾಲೇಜು ಹುಡುಗರಿಗೆ ಬಿಡಿ.

ನಿಮಗೆ ಬೇರೆ ಕೆಲಸ ಉಂಟು. ಹೆಚ್ಚಿನ ಶೆಲ್ಟರುಗಳಲ್ಲಿ ಪ್ರೀತಿಗೆ ಬರ ಇಲ್ಲ, ಲೆಕ್ಕಕ್ಕೆ ಬರ. ಯಾವ ನಾಯಿಗೆ ಯಾವ ದಿನ ಲಸಿಕೆ, ಯಾರು ದತ್ತು ತೆಗೆದುಕೊಂಡರು, ದೇಣಿಗೆ ಕೊಟ್ಟವರಿಗೆ ರಶೀದಿ ಹೋಯಿತಾ, ಎಲ್ಲ ಚೀಟಿಗಳಲ್ಲಿ, ಯಾರದೋ ಫೋನಿನಲ್ಲಿ. ಪಾರ್ವೊ ಲಸಿಕೆ ಆರರಿಂದ ಎಂಟನೇ ವಾರಕ್ಕೆ ಶುರುವಾಗಿ ಹದಿನಾರನೇ ವಾರದವರೆಗೆ ಕಂತಿನಲ್ಲಿ ಹಾಕಬೇಕು. ಒಂದು ಕಂತು ತಪ್ಪಿದರೂ ಮರಿಗೆ ಅಪಾಯ. 36 ವರ್ಷ ಸಾಲದ ಕಂತು ನೋಡಿದ ಕಣ್ಣಿಗಿಂತ ಒಳ್ಳೆಯದು ಇದಕ್ಕೆ ಯಾವುದು? ದತ್ತು ಹೋದ ಮರಿ ಹೇಗಿದೆ ಅಂತ ತಿಂಗಳಿಗೊಮ್ಮೆ ಫೋನ್ ಮಾಡುವುದೂ ದೊಡ್ಡ ಕೆಲಸ. ಸುಸ್ತಿ ಸಾಲದ ವಸೂಲಿಗೆ ಫೋನ್ ಮಾಡಿದ ಅನುಭವ ನಿಮಗೆ ಇದ್ದೇ ಇರುತ್ತದೆ. ಇಲ್ಲಿ ಆ ಕಡೆಯವರು ಫೋಟೋ ಕಳಿಸುತ್ತಾರೆ.

ಉಡುಪಿಯವರಾದ ನಿಮಗೆ ಮಲ್ಪೆಯ ಮಧ್ವರಾಜ್ ಎನಿಮಲ್ ಕೇರ್ ಟ್ರಸ್ಟ್ ಹತ್ತಿರ. ಮಂಗಳೂರಿನಲ್ಲಾದರೆ ಶಕ್ತಿನಗರದಲ್ಲಿ ಎನಿಮಲ್ ಕೇರ್ ಟ್ರಸ್ಟ್ ಇದೆ. ನೆರೆಮನೆಯ ಹುಡುಗಿ ಹೋಗುವ ಕಡೆಯೇ ಹೋದರೆ ಇನ್ನೂ ಒಳ್ಳೆಯದು, ಜೊತೆ ಸಿಗುತ್ತದೆ. ಮೊದಲ ಮೂರು ತಿಂಗಳು ಯಾವ ಮರಿಯನ್ನೂ ಮನೆಗೆ ತರುವುದಿಲ್ಲ ಅಂತ ಮನೆಯವರಿಗೆ ಮಾತು ಕೊಡಿ, ಉಳಿಸಿಕೊಳ್ಳಿ. ಅವರಿಗೆ ಉತ್ತರ ಕೊಡಲು ಅವಸರ ಬೇಡ. ನನ್ನ ಅಮ್ಮನಿಗೆ ನಾನು ಕೊನೆಗೂ ಉತ್ತರ ಕೊಡಲಿಲ್ಲ. ಎರಡನೇ ಮಳೆಗಾಲದಲ್ಲಿ ಒಂದು ದಿನ ಹೊರಡುವಾಗ ಬಾಗಿಲ ಹತ್ತಿರ ಹಳೆ ಹತ್ತಿ ಸೀರೆಗಳ ಗಂಟು ಇತ್ತು, ಮಡಚಿ ಕಟ್ಟಿದ್ದು. ‘ಗೋಣಿ ಒಣಗುದಿಲ್ಲ ಅಂದಿದ್ದಿ ಅಲ್ವಾ’ ಅಂದರು, ಅಷ್ಟೇ.

ಹೋಗುವಾಗ ಹಳೆ ಬೆಡ್‌ಶೀಟ್ ಇದ್ದರೆ ಒಯ್ಯಿರಿ, ಲೆಕ್ಕಕ್ಕೆ ಒಂದು ಉದ್ದ ನೋಟ್‌ಬುಕ್ ಕೂಡ. ಹೆದರಿದ ನಾಯಿ ಎಲ್ಲ ಶೆಲ್ಟರಿನಲ್ಲೂ ಒಂದಾದರೂ ಇರುತ್ತದೆ, ಹಾಗಾಗಿ ಅವತ್ತಿನ ಪೇಪರ್ ಜೊತೆಗಿರಲಿ. ಓದುವ ಕನ್ನಡಕ ಮರೆಯಬೇಡಿ.